ಅವ್ವನೆದುರಿನ ಗ್ಲಾಸು

ಸಿಂದಗಿಯಲ್ಲಿ ಸುಟ್ಟ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಧೂಳಪ್ಪನಿಗೆ ಕುಡಿಯುವ ಚಟ ಇರಲಿಲ್ಲ; ಕುಡಿಯುವ ವ್ರತ ಇತ್ತು. ವ್ರತ ಎಂದ ಮೇಲೆ ಒಂದು ವಾರ ಬೇಕು: ಅವನದು ರವಿವಾರ. ಒಂದು ಜಾಗ ಬೇಕು: ಅವನ ಮನೆಯ ಪಡಸಾಲೆ. ಎದುರಿಗೊಂದು ದೇವರು ಬೇಕು: ಹೊರಸಿನ ಮೇಲೆ ಕಾಲು ಮಡಚಿ, ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತ ಅವನ ತಾಯಿ ರಾಮವ್ವ. ವಾರ, ಜಾಗ ತಪ್ಪಿದರೆ ಹೇಗೋ ನಡೆದೀತು. ದೇವರು ತಪ್ಪಿದರೆ ಧೂಳಪ್ಪನ ಗ್ಲಾಸು ಮೇಲೇಳುತ್ತಿರಲಿಲ್ಲ.

ಇದರ ಹಿಂದೆ ಅವನು ಬಿದ್ದ ಕಥೆಯಿದೆ. ಮದುವೆಯಾದ ಹೊಸತರಲ್ಲಿ ಧೂಳಪ್ಪ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯ ಮುಂದೆ ನಿಂತಲ್ಲೇ ಕ್ವಾರ್ಟರ್ ಬಾಟಲಿ ಎತ್ತಿ, ಕಣ್ಣು ಮುಚ್ಚಿ, ಜ್ವರದ ಔಷಧ ನುಂಗಿದಂತೆ ನುಂಗಿ, ಬೈಕು ಹತ್ತುತ್ತಿದ್ದ. ರುಚಿ ಏನೆಂದು ಯಾರಾದರೂ ಕೇಳಿದ್ದರೆ ‘ರುಚಿ ನೋಡೂದಿದ್ರ ಮಿರ್ಚಿ ಭಜಿ ತಿಂತಿದ್ದೆ’ ಅನ್ನುತ್ತಿದ್ದ. ಒಂದು ಸಂಜೆ ಬೈಕು ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ಇಳಿಯಿತು. ಹೊಲದವರು ಅವನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದು, ಮನೆಯ ಮುಂದೆ ಹೇರು ಇಳಿಸಿದಂತೆ ಇಳಿಸಿ ಹೋದರು.

ರಾಮವ್ವ ಅಳಲಿಲ್ಲ, ಬಯ್ಯಲಿಲ್ಲ. ಮರುದಿನ ಮುಂಜಾನೆ ಮಗನ ತಲೆ ಇನ್ನೂ ಸಿಡಿಯುತ್ತಿರುವಾಗಲೇ ದೇವರ ಜಗುಲಿಯಿಂದ ಮಾಳಿಂಗರಾಯನ ಭಂಡಾರದ ಬಟ್ಟಲು ತಂದು ಮುಂದಿಟ್ಟಳು. ಆ ಮನೆಯಲ್ಲಿ ಕೋರ್ಟಿನ ಕಾಗದ ಸುಳ್ಳಾದೀತು, ಆ ಅರಿಷಿಣದ ಪುಡಿ ಮುಟ್ಟಿ ಆಡಿದ ಮಾತು ಸುಳ್ಳಾಗುವಂತಿರಲಿಲ್ಲ.

“ಬಿಡು ಅಂದ್ರ ನೀ ಬಿಡಾಂವಲ್ಲ. ಸುಳ್ಳ ಆಣಿ ಮಾಡಿ ದೇವರ ಹೆಸರೂ ಕೆಡಸ್ತಿ. ಕುಡಿಯೂದಿದ್ರ ನನ್ನ ಮುಂದ ಕುಂತು ಕುಡಿ. ನಾ ಕಾಣದಲ್ಲಿ ಒಂದ ಹನಿ ತುಟಿಗೆ ಹಚ್ಚೂದಿಲ್ಲ ಅಂತ ಭಂಡಾರ ಮುಟ್ಟು.”

ಯಾವ ಮಗ ಹೆತ್ತ ತಾಯಿಯ ಎದುರು ಕೂತು ಕುಡಿದಾನು? ನಾಚಿಕೆಯೇ ಬಿಡಿಸುತ್ತದೆ ಎಂಬುದು ರಾಮವ್ವನ ಲೆಕ್ಕ. ಪೂರ್ತಿ ಬಿಡುವುದಕ್ಕಿಂತ ಇದು ಅಗ್ಗ ಎಂಬುದು ಧೂಳಪ್ಪನ ಲೆಕ್ಕ. ಅವನು ಭಂಡಾರ ಮುಟ್ಟಿದ. ಕಾಯ್ದೆ ಅಂದೇ ಅಮಲಿಗೆ ಬಂತು. ಅಮಲು ಅಂದಿನಿಂದಲೇ ಇಳಿಯತೊಡಗಿತು.

ಮುಂದಿನ ರವಿವಾರ ಅವನು ಪಡಸಾಲೆಯ ಕುರ್ಚಿಯಲ್ಲಿ ಕೂತ. ಕೂತ ಮೇಲೆ ತಿಳಿಯಿತು, ತಾಯಿಯ ಎದುರು ಬಾಟಲಿ ಎತ್ತಿ ಗಟಗಟ ಇಳಿಸಲು ಬರುವುದಿಲ್ಲ. ಕಾಲು ಚಾಚಲು ಬರುವುದಿಲ್ಲ. ಸುಮ್ಮನೆ ಒಂದು ಗುಟುಕು ಹೀರಿ, ಗ್ಲಾಸು ಕೆಳಗಿಟ್ಟು, ಪರೀಕ್ಷೆಗೆ ಕೂತ ಹುಡುಗನಂತೆ ಬೆನ್ನು ನೆಟ್ಟಗೆ ಮಾಡಿದ.

“ಯಾಕ ಮಾರಿ ಕಿವಚತಿ?” ಎಂದಳು ರಾಮವ್ವ. “ಅಷ್ಟ ಕಹಿ ಇದ್ರ ಯಾಕ ಕುಡೀತಿ?”

ಧೂಳಪ್ಪ ಜೀವನದಲ್ಲಿ ಮೊದಲ ಸಲ ನಾಲಿಗೆಯನ್ನು ವಿಚಾರಿಸಿದ. “ಕಹಿ ಅಲ್ಲಬೇ. ಸುಟ್ಟ ಬೆಲ್ಲದ್ಹಂಗ ಐತಿ.”

“ತಾ ಇಲ್ಲಿ.” ಅವಳು ಗ್ಲಾಸು ಈಸಿಕೊಂಡು ಮೂಗಿನ ಹತ್ತಿರ ಹಿಡಿದಳು. ತುಟಿಗೆ ಸೋಕಿಸಲಿಲ್ಲ. “ಸುಟ್ಟ ಬೆಲ್ಲ ಅಲ್ಲೋ. ಗಾಣದ ಕೊಪ್ಪರಿಗಿ ತಳ ಕೆರೆದದ್ದು. ಹಿಡಿ.”

ಹೀಗೆ ಆ ಮನೆಯಲ್ಲಿ ವಿಸ್ಕಿಯ ವಿಮರ್ಶೆ ಶುರುವಾಯಿತು. ಸುಟ್ಟ ಮೋಟಾರಿನ ವಾಸನೆ ಹಿಡಿದೇ ಅದು ನೀರಿಲ್ಲದೆ ಓಡಿ ಸುಟ್ಟಿದ್ದೋ, ಕರೆಂಟು ಏರಿಳಿದು ಸುಟ್ಟಿದ್ದೋ ಹೇಳುವ ಧೂಳಪ್ಪನ ಮೂಗು ಯಾರಿಂದ ಬಂದದ್ದು ಎಂಬುದೂ ಅಂದೇ ಗೊತ್ತಾಯಿತು. ಅಗ್ಗದ ಬಾಟಲಿ ತಂದರೆ ರಾಮವ್ವ ಒಮ್ಮೆ ಮೂಸಿ, “ಇದು ನಿನ್ನ ಅಂಗಡ್ಯಾಗಿನ ವಾರ್ನಿಶ್” ಎಂದು ತಳ್ಳುತ್ತಿದ್ದಳು. ಧೂಳಪ್ಪ ಅದನ್ನು ಮೋರಿಗೆ ಸುರಿದು, ಮುಂದಿನ ವಾರ ಒಂದು ಮೆಟ್ಟಿಲು ಮೇಲಿನದನ್ನು ತರುತ್ತಿದ್ದ. ಒಳ್ಳೆಯದು ತುಟ್ಟಿ; ತುಟ್ಟಿಯದು ಸ್ವಲ್ಪವೇ ಬರುತ್ತದೆ; ಸ್ವಲ್ಪವನ್ನು ನಿಧಾನವಾಗಿಯೇ ಕುಡಿಯಬೇಕು. ಬಿಡಿಸಲು ಹೊರಟ ತಾಯಿ ಮಗನನ್ನು ರಸಿಕನನ್ನಾಗಿ ಮಾಡಿಬಿಟ್ಟಳು.

ಸ್ಟ್ರಾಂಗ್ ಬಿಯರು ಅವಳಿಗೆ ‘ರಾತ್ರಿ ಮುಚ್ಚೂದು ಮರತ ಅಂಬಲಿ’. ಗೋಧಿಯ ಬಿಯರು ‘ತೊಟ್ಟಿಲ ಕೂಸಿನ ನೆತ್ತಿ’. ಅದಕ್ಕೆ ಅವಳು ಒಂದು ಕ್ಷಣ ಕಣ್ಣು ಮುಚ್ಚಿದ್ದಳು. ಒಂದು ಹೊಗೆಯ ವಿಸ್ಕಿಯನ್ನು ಮೂಸಿದಾಗಂತೂ ಹೊರಸಿನ ಮೇಲೆ ಎದ್ದು ಕೂತಿದ್ದಳು: “ಎಲ್ಲಿಂದು ಇದು? ಕುರಿ ಹಟ್ಟ್ಯಾಗ ಮಳ್ಯಾಗ ತೊಯ್ದ ಕಂಬಳಿ ಬೆಂಕಿ ಮುಂದ ಹಿಡದ್ಹಂಗ ಐತಿ!” ಧೂಳಪ್ಪನ ಹೆಂಡತಿ ಸುಜಾತಾ ಮೊದಲು ಮುಖ ಸೊಟ್ಟ ಮಾಡಿದವಳು, ಬೀಳುವ ಗಂಡನಿಗಿಂತ ಕೂರುವ ಗಂಡ ಮೇಲು ಎಂದು ತಿಳಿದ ಮೇಲೆ ತಾನೂ ಕೈ ಹಚ್ಚಿದಳು. ಕಬ್ಬಿನ ಹಾಲು, ಪುದೀನಾ, ಇಂಡಿ ಊರಿನ ನಿಂಬೆಹಣ್ಣಿನ ರಸಕ್ಕೆ ಒಂದು ಮುಚ್ಚಳ ರಮ್ ಸೇರಿಸಿ ಕಾಕ್‌ಟೇಲ್ ಮಾಡಿ ಅದಕ್ಕೆ ಪಾನಕ ಎಂದು ಹೆಸರಿಟ್ಟಳು. ರಾಮವ್ವ ಮೂಸಿ, “ಎಲ್ಲಾ ಐತಿ, ಕುಡಿಯೂದೊಂದ ಇಲ್ಲ” ಎಂದಳು. ಮುಂದಿನ ವಾರದಿಂದ ಎರಡು ಮುಚ್ಚಳವಾಯಿತು.

ಈ ಬೈಠಕ್ಕಿಗೆ ಹೊರಗಿನವನೆಂದರೆ ಬಟ್ಟೆ ಅಂಗಡಿಯ ಮಡಿವಾಳಪ್ಪ ಒಬ್ಬನೇ. ಅವನ ಹೆಂಡತಿ ಸಿದ್ದಲಿಂಗವ್ವ ಬಸವನ ಬಾಗೇವಾಡಿಯ ಕಡೆಯವಳು. ಆ ಮನೆಯಲ್ಲಿ ಬೆಳ್ಳುಳ್ಳಿಗೂ ಪರವಾನಗಿ ಬೇಕು. ಹೊಲದ ಮೋಟಾರು ರಿಪೇರಿಗೆ ಕೊಟ್ಟಿದ್ದೇನೆ, ನೋಡಿ ಬರುತ್ತೇನೆ ಎಂದು ಹೇಳಿ ಅವನು ಪ್ರತಿ ರವಿವಾರ ಬರುತ್ತಿದ್ದ. ಆ ಒಂದೇ ಮೋಟಾರು ಎಷ್ಟೋ ವರ್ಷಗಳಿಂದ ರಿಪೇರಿಯಲ್ಲಿತ್ತು. ಧೂಳಪ್ಪ ಬಹಳ ಸಾವಕಾಶದ ಕೆಲಸಗಾರ ಎಂದು ಸಿದ್ದಲಿಂಗವ್ವ ಊರ ತುಂಬ ಹೇಳಿಕೊಂಡು ಬಂದಿದ್ದಳು.

ಎಲ್ಲ ಸುಖವಾಗಿ ನಡೆದಿರುವಾಗ ನಾಲತವಾಡದಿಂದ ತಂಗಿ ರಾಜಶ್ರೀಯ ಫೋನು ಬಂತು.

“ಅಣ್ಣಾ, ಅವ್ವನ್ನ ಕಳಸು. ಇವರು ಮುದ್ದೇಬಿಹಾಳ ರೋಡಿನ ಧಾಬಾದಾಗ ಕುಡದು ಬರಾಕತ್ತಾರ. ನಿನಗ ಬಿಡಸ್ಯಾಳ, ಇವರಿಗೂ ಬಿಡಸ್ತಾಳ.”

ರಾಜಶ್ರೀ ಮದುವೆಯಾಗಿ ಹೋದದ್ದು ಅಣ್ಣ ತೊಗರಿ ಹೊಲಕ್ಕೆ ಇಳಿದ ವರ್ಷವೇ. ಅಂದಿನಿಂದ ಅವಳು ಕಂಡ ಅಣ್ಣ ಮದುವೆ, ಮುಂಜಿ, ಜವಳ ಎಲ್ಲೆಡೆ ನೀರು ಬಿಟ್ಟು ಬೇರೇನೂ ಮುಟ್ಟದವನು. ಅವ್ವ ಅಣ್ಣನನ್ನು ಪೂರ್ತಿ ಬಿಡಿಸಿದಳು ಎಂದು ಅವಳು ನಾಲತವಾಡದ ತುಂಬ ಹೇಳಿದ್ದಳು. ಅದನ್ನು ತಿದ್ದಲು ಯಾರೂ ಹೋಗಿರಲಿಲ್ಲ. ತಂಗಿಯ ಕಣ್ಣಲ್ಲಿ ದೊಡ್ಡವನಾಗುವ ಅವಕಾಶ ಯಾವ ಅಣ್ಣನಿಗೂ ಪದೇ ಪದೇ ಬರುವುದಿಲ್ಲ.

“ಒಂದೆರಡು ವಾರ ಇದ್ದು ಬರ್ತೇನಿ” ಎಂದು ರಾಮವ್ವ ಹೊರಟಳು. ಬಸ್ಸು ಹತ್ತಿಸುವಾಗ ಧೂಳಪ್ಪನಿಗೆ ತಾನು ಕಳಿಸುತ್ತಿರುವುದು ತಾಯಿಯನ್ನೋ, ಬಾಟಲಿಯ ಮುಚ್ಚಳ ತೆಗೆಯುವ ಸಾಧನವನ್ನೋ ಎಂಬ ಗೊಂದಲವಾಯಿತು.

ನಾಲತವಾಡದಲ್ಲಿ ಪವಾಡವೇ ನಡೆಯಿತು. ಮಗನ ಮೇಲೆ ಸಾಗದ ಉಪಾಯ ಅಳಿಯನ ಮೇಲೆ ಮೊದಲ ದಿನವೇ ಸಾಗಿತು. ಏಕೆಂದರೆ ಅಳಿಯನಾದವನು ಅತ್ತೆಗೆ ಮುಖ ಕೊಟ್ಟು ನಿಲ್ಲುವುದಿಲ್ಲ. ಅತ್ತೆಯಾದವಳು ಅಳಿಯನ ಎದುರು ಸೆರಗು ಎಳೆದುಕೊಳ್ಳದೆ ಇರುವುದಿಲ್ಲ. ಇಬ್ಬರ ನಡುವೆ ಮಾತು ಬೇಕಾದರೆ ಮೂರನೆಯವರ ಬಾಯಿಂದ ಹೋಗಬೇಕು. ರಾಮವ್ವ ನಡುಮನೆಯ ಹೊರಸಿನ ಮೇಲೆ ಕೂತಳು, ಅಷ್ಟೇ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟ ಅಳಿಯ ಪರಶು ತನ್ನದೇ ಮನೆಗೆ ಹಿತ್ತಲ ಬಾಗಿಲಿಂದ ಬರತೊಡಗಿದ. ಟಿವಿ ಬಿಟ್ಟ, ತನ್ನ ಕುರ್ಚಿ ಬಿಟ್ಟ, ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಊಟ ಮಾಡಿದ. ಕುಡಿದ ಬಾಯಿ ಹೊತ್ತು ಅತ್ತೆ ಇರುವ ಮನೆಗೆ ಬರುವುದಂತೂ ಕನಸಿನಲ್ಲೂ ಸಾಧ್ಯವಿರಲಿಲ್ಲ. ಧಾಬಾ ತಾನಾಗಿ ಬಿಟ್ಟಿತು.

ಗುಣವಾದ ಮೇಲೆ ಔಷಧವನ್ನು ವಾಪಸು ಕಳಿಸಬೇಕಷ್ಟೆ. ರಾಜಶ್ರೀ ಕಳಿಸಲಿಲ್ಲ.

“ಅವ್ವ ಬಸ್ ಹತ್ತಿದ್ರ ಇವರು ಧಾಬಾ ಹತ್ತತಾರಣ್ಣಾ. ಇಲ್ಲೇ ಇರಲಿ. ನಿನಗೇನ, ನೀ ಬಿಟ್ಟಾಂವ.”

ಬಿಟ್ಟವನು ಏನು ಹೇಳಬೇಕು? ಧೂಳಪ್ಪ ರವಿವಾರದ ಮೇಲೆ ರವಿವಾರ ಒಣಗಿದ. ಮಡಿವಾಳಪ್ಪನ ಮೋಟಾರಿನ ರಿಪೇರಿಯೂ ನಿಂತುಹೋಯಿತು. ಅದೇ ಹೊತ್ತಿಗೆ ಮಡಿವಾಳಪ್ಪ ಒಂದು ಮದುವೆಗೆ ಗೋವಾಕ್ಕೆ ಹೋಗಿ, ಕಡುಹೊಗೆಯ ಸಿಂಗಲ್ ಮಾಲ್ಟ್ ಒಂದನ್ನು ತಂದಿದ್ದ. ತನ್ನ ಪಾಲಿನದನ್ನು ಧೂಳಪ್ಪನ ಪಡಸಾಲೆಯಲ್ಲೇ ಕೂತು ಕುಡಿದು, ಕಾರ್ಕು ಒತ್ತಿ, ಉಳಿದದ್ದನ್ನು ಅವನ ಮುಂದಿಟ್ಟ. ಧೂಳಪ್ಪ ಆ ಬಣ್ಣ ನೋಡುತ್ತ ಕೂತ.

“ಲೇ ಧೂಳ್ಯಾ, ಒಂದ ಗುಟುಕ. ಯಾರಿಗೆ ಗೊತ್ತಾಗ್ತೈತಿ?”

“ಭಂಡಾರಕ್ಕ ಗೊತ್ತಾಗ್ತೈತ್ರೀ ಸಾವ್ಕಾರ್ರ.”

“ವಿಡಿಯೊ ಕಾಲ್ ಮಾಡು. ಮುಂದ ಕಾಣ್ತಾಳಿಲ್ಲೋ?”

ಮಾಡಿದರು. ಫೋನು ಹಿಡಿದವಳು ರಾಜಶ್ರೀ. ಪರದೆಯ ತುಂಬ ಅವಳ ಮುಖವೇ. ಧೂಳಪ್ಪ ಗ್ಲಾಸನ್ನು ಬೆನ್ನ ಹಿಂದೆ ಮಾಡಿ, ಮಳೆ ಬೆಳೆ ವಿಚಾರಿಸಿ ಇಟ್ಟ.

“ಹಂಗಾದ್ರ ಅವ್ವನ ಫೋಟೊ ಮುಂದ ಇಟಗೋ” ಎಂದ ಮಡಿವಾಳಪ್ಪ.

“ಜೀವ ಇದ್ದಾಕಿ ಫೋಟೊ ಮುಂದ ಕುಂಡ್ರಲೇನು? ಊದಿನಕಡ್ಡಿನೂ ಹಚ್ಚಲೇನು?” ಎಂದು ಧೂಳಪ್ಪ ರೇಗಿದ. ಆಮೇಲೆ ಮೆಲ್ಲಗೆ, “ಫೋಟೊ ಮೂಸಿ ಹೇಳಂಗಿಲ್ರೀ” ಎಂದ. 

ಅಷ್ಟರಲ್ಲಿ ರಾಮವ್ವನೇ ದಾರಿ ತೋರಿಸಿದಳು. “ಇಲ್ಲಿ ಫ್ಯಾನ್ ಗಾಳಿ ಮೈಗೆ ಆಗವಲ್ದೋ. ನನ್ನ ಕಂಬಳಿ ತಗೊಂಡ ಬಾ” ಎಂದು ಫೋನು ಮಾಡಿಸಿದಳು. ಹುಣಸೆಬೀಜದ ಗಂಜಿ ಹಾಕಿ ನೇಯ್ದ, ಅವಳ ಅಪ್ಪನ ಕಾಲದ ಕರಿ ಕಂಬಳಿ. ಧೂಳಪ್ಪ ಅದರ ನಡುವೆ ಬಾಟಲಿಯನ್ನು ಕೂಸಿನಂತೆ ಸುತ್ತಿ ಚೀಲಕ್ಕೆ ಹಾಕಿದ. ಅಳಿಯ ಅಂಗಡಿಗೆ, ತಂಗಿ ಸಂತೆಗೆ ಹೋದ ಹೊತ್ತು ನೋಡಿ, ಅವ್ವನ ಎದುರು ಒಂದೇ ಒಂದು ಪೆಗ್ಗು. ಆಮೇಲೆ ನಿಧಾನಕ್ಕೆ ಅವ್ವನನ್ನೇ ಹೊರಡಿಸುವುದು. ಇದು ಯೋಜನೆ.

ತಾಳಿಕೋಟಿಯಲ್ಲಿ ಬಸ್ಸು ಬದಲಿಸಿದ. ಮುಂದಿನ ಬಸ್ಸಿನಲ್ಲಿ ಚೀಲವನ್ನು ತಲೆಯ ಮೇಲಿನ ಸಾಮಾನಿನ ಕಂಬಿಗಳ ಮೇಲೆ ಅಡ್ಡ ಮಲಗಿಸಿದ. ರಸ್ತೆ ತನ್ನ ಕೆಲಸ ಮಾಡಿತು. ಮಡಿವಾಳಪ್ಪನ ಸಡಿಲ ಕಾರ್ಕು ತನ್ನ ಕೆಲಸ ಮಾಡಿತು.

ನಾಲತವಾಡದ ಮನೆಯ ಅಂಗಳದಲ್ಲಿ ಚಪ್ಪಲಿಗಳ ರಾಶಿ ಇತ್ತು. ಒಳಗೆ ಓಣಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳೆಲ್ಲ ಕೂತಿದ್ದರು. ಅಣ್ಣ ಬರುತ್ತಾನೆಂದು ತಿಳಿದ ರಾಜಶ್ರೀ ಅಂದೇ ಸಭೆ ಕರೆದಿದ್ದಳು.

“ಬಾ ಅಣ್ಣಾ. ಇವರಿಗೆಲ್ಲಾ ಹೇಳು, ಅವ್ವ ನಿನಗ ಹ್ಯಾಂಗ ಬಿಡಸಿದಳು ಅಂತ.”

ಧೂಳಪ್ಪ ಚೀಲವನ್ನು ಬೆನ್ನ ಹಿಂದೆ ಸರಿಸಿದ. ಹೊರಸಿನ ಮೇಲಿದ್ದ ರಾಮವ್ವ ಮಗನ ಮುಖ ನೋಡಲಿಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ಪರಶು ನಿಂತಿದ್ದ. ಸೊರಗಿ, ಸ್ವಂತ ಮನೆಯಲ್ಲಿ ಬಾಡಿಗೆಗಿದ್ದವನಂತೆ ಕಾಣುತ್ತಿದ್ದ.

“ಅದು... ಭಂಡಾರ ಮುಟ್ಟಿಸಿದಳ್ರೀ” ಎಂದ ಧೂಳಪ್ಪ.

“ಆಮ್ಯಾಗ?” ಎಂದಳು ಒಬ್ಬ ಹೆಂಗಸು.

“ಆಮ್ಯಾಗ... ಮೊದಲಿನಂಗ ಕುಡೀಲಿಲ್ರೀ.” ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೆಣ್ಣುಮಕ್ಕಳು ರಾಮವ್ವನ ಕಡೆ ತಿರುಗಿ ತಲೆದೂಗಿದರು. ಮಾತು ಅಲ್ಲಿಗೇ ಮುಗಿಯಲಿ ಎಂದು ಧೂಳಪ್ಪ ಚೀಲ ತೆಗೆದು, “ತಗೋಬೇ, ನಿನ್ನ ಕಂಬಳಿ” ಎನ್ನುತ್ತ ಬಾಟಲಿಯನ್ನು ಚೀಲದೊಳಗೇ ಉಳಿಸಿ ಕಂಬಳಿ ಮಾತ್ರ ಎಳೆದ. ಬಾಟಲಿ ಅನುಮಾನ ಬರುವಷ್ಟು ಹಗುರಾಗಿತ್ತು. ಕಂಬಳಿ ಅನುಮಾನ ಬರುವಷ್ಟು ಭಾರವಾಗಿತ್ತು.

ಬೇರೆ ಯಾವ ವಿಸ್ಕಿ ಚೆಲ್ಲಿದ್ದರೂ ಸಭೆ ಮೂಗು ಮುಚ್ಚಿಕೊಳ್ಳುತ್ತಿತ್ತು. ಇದು ಹೊಗೆಯ ವಿಸ್ಕಿ. ಬಿದ್ದದ್ದು ಕಂಬಳಿಯ ಮೇಲೆ. ಕಂಬಳಿ ಕಂಬಳಿಯಂತೆಯೇ ನಾರಿತು, ಕೊಂಚ ಹೆಚ್ಚು ಕಂಬಳಿಯಾಗಿ. ಅಷ್ಟು ಜನರಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಧೂಳಪ್ಪ ಮನಸ್ಸಿನಲ್ಲೇ ಮಾಳಿಂಗರಾಯನಿಗೆ ಕೈಮುಗಿದ.

ರಾಮವ್ವ ಕಂಬಳಿಯನ್ನು ಎದೆಗೆ ಅವುಚಿಕೊಂಡಳು. ಅವಳ ಮೂಗಿನ ಹೊಳ್ಳೆ ಅರಳಿತು. ಇನ್ನೊಮ್ಮೆ ಮೂಸಿದಳು. ಎಷ್ಟೋ ರವಿವಾರಗಳಿಂದ ಯಾರೂ ಅವಳ ಅಭಿಪ್ರಾಯ ಕೇಳಿರಲಿಲ್ಲ. ಎದುರಿಗೆ ಸಂಘ ಇದೆ, ಮಗಳ ಮಾನ ಇದೆ, ಎಲ್ಲ ಮರೆತುಹೋಯಿತು.

“ಧೂಳ್ಯಾ!” ಎಂದಳು ಮುಖ ಬೆಳಗಿಸಿಕೊಂಡು. “ಇದು ಹೋದ ದೀಪಾವಳಿಗೆ ಮಡಿವಾಳಪ್ಪ ತಂದಿದ್ನಲ್ಲ, ಅದಕ್ಕಿಂತ ಭಾಳ ಚಲೋ ಐತಿ. ಅದ್ರಾಗ ಬರೇ ಹೊಗಿ. ಇದ್ರಾಗ ಉಪ್ಪೈತಿ ನೋಡು, ಗೋಕರ್ಣದ ದಂಡಿಗೆ ಮೀನಿನ ಬಲಿ ಒಣ ಹಾಕಿದ್ರಲ್ಲ, ಹಂಗ. ಹಿಂದಿನಿಂದ ಜೇನು ಬರ್ತೈತಿ. ನೀರು ಕಡಿಮಿ ಹಾಕು ಇದಕ್ಕ.”

ಹೆಣ್ಣುಮಕ್ಕಳ ತಲೆಗಳೆಲ್ಲ ಕಂಬಳಿಯ ಕಡೆ ತಿರುಗಿದವು.

“ಅವ್ವಾರ,” ಎಂದಳು ಆ ಹೆಂಗಸು, “ಹೋದ ದೀಪಾವಳಿಗೆ ಏನ ತಂದಿದ್ರೀ?”

ರಾಜಶ್ರೀ ಎದ್ದು ಬಂದು ಚೀಲದಲ್ಲಿ ಕೈ ಹಾಕಿದಳು. ಬಾಟಲಿ ಹೊರಬಂತು. “ಅಂದ್ರ ನೀ ಬಿಟ್ಟಿಲ್ಲ?”

“ಬಿಟ್ಟೇನಿ ಅಂತ ನಾ ಯಾವಾಗ ಹೇಳೇನಿ ತಂಗಿ? ನೀನ ಹೇಳಕೋತ ಬಂದಿ.”

“ಯವ್ವಾ, ನೀನೂ?”

“ಬಿಡು ಅಂತ ನಾ ಎಂದ ಅಂದೇನಿ?” ರಾಮವ್ವನ ದನಿಗೆ ಈಗ ಗಡಸು ಬಂದಿತ್ತು. “ನನ್ನ ಮುಂದ ಕುಡಿ ಅಂದೇನಿ. ಅಂದಿನಿಂದ ಇಂದಿನ ತನಕಾ ಆಂವ ನಾ ಕಾಣದಲ್ಲಿ ಕುಡದಿಲ್ಲ. ನಾ ಇಲ್ಲಿ ಬಂದು ಕುಂತಾಗಿನಿಂದ ಉಪವಾಸ ಅದಾನ. ಮಾರಿ ನೋಡು ಹ್ಯಾಂಗಾಗೇತಿ.”

ಸಭೆ ಧೂಳಪ್ಪನ ಮುಖ ನೋಡಿತು. ಮುಖ ಆ ಹೊತ್ತಿಗೆ ಒಳ್ಳೆಯ ಸಾಕ್ಷಿ ಹೇಳಿತು.

“ಕುಡದು ಬೀಳ್ತಾನೇನ್ರೀ?” ಎಂದು ಒಬ್ಬಳು ವಿಚಾರಣೆಗೆ ಇಳಿದಳು.

“ಇಲ್ಲ.”

“ಹೊಡೀತಾನೇನ್ರೀ?”

“ಯಾರಿಗೆ? ಕುಂತು ಗುಟುಕಿಗೊಮ್ಮೆ ವಾಸನಿ ಹೇಳ್ತಾನ. ತಪ್ಪ ಹೇಳಿದ್ರ ನಾ ತಿದ್ದತೇನಿ.”

“ನಮ್ಮನಿಯಾಂವ ಮನ್ಯಾಗ ಕುಂತು ವಾಸನಿ ಹೇಳ್ತಿದ್ರ ನಾ ಬ್ಯಾಡ ಅಂತಿದ್ದಿಲ್ಲ ಬಿಡವಾ” ಎಂದಳು ಅವಳು, ಪಕ್ಕದವಳ ಕಡೆ ತಿರುಗಿ. ಪಕ್ಕದವಳು, “ನಿಮ್ಮನಿಯಾಂವಗ ಮೂಗ ಎಲ್ಲೈತಿ?” ಎಂದಳು. ಸಭೆ ನಗತೊಡಗಿತು. ರಾಜಶ್ರೀ ನಗಲಿಲ್ಲ. ಅವಳು ಇಷ್ಟು ವರ್ಷ ಮನಸ್ಸಿನಲ್ಲಿ ಸಾಕಿದ ಕುಡಿಯದ ಅಣ್ಣನನ್ನು ಓಣಿಯವರೆಲ್ಲ ಸೇರಿ ನಗೆಯಲ್ಲಿ ಮುಳುಗಿಸಿದ್ದರು.

ಬಾಗಿಲ ಮರೆಯಲ್ಲಿದ್ದ ಪರಶುವಿನ ಮುಖದಲ್ಲಿ ಬೆಳಕು ಕಂಡದ್ದೇ ಅವಳಿಗೆ ಸಾಕಾಯಿತು. ಸಿಟ್ಟಿಗೆ ಒಮ್ಮೆಲೆ ಬುದ್ಧಿ ಬಂತು. ಒಳಗೆ ಹೋಗಿ ಭಂಡಾರದ ಬಟ್ಟಲು ತಂದು ಗಂಡನ ಮುಂದೆ ಹಿಡಿದಳು.

“ನೀವೂ ಮುಟ್ರಿ. ಅವ್ವ ಸಿಂದಗಿಗೆ ಹೋಗಲಿ. ಕುಡಿಯೂದಿದ್ರ ಆಕಿ ಮುಂದ ಕುಂತು ಕುಡೀರಿ. ಬ್ಯಾರೆ ಎಲ್ಲೂ ಇಲ್ಲ.”

ಪರಶುವಿನ ಬೆಳಕು ಆರಿತು. ಅತ್ತೆಯ ಎದುರು! ಸಂಘವೆಲ್ಲ ನೋಡುತ್ತಿತ್ತು. ಅವನು ಮುಟ್ಟಿದ. ಎರಡು ಬಸ್ಸು ದೂರ, ಅದರಾಚೆ ಅತ್ತೆ. ಇನ್ನು ಇವರು ಸತ್ತರೂ ಕುಡಿಯುವುದಿಲ್ಲ ಎಂದು ರಾಜಶ್ರೀ ನೆಮ್ಮದಿಯಿಂದ ಸೆರಗು ಕೊಡವಿದಳು.

ಮರುದಿನ ಧೂಳಪ್ಪ ತಾಯಿಯನ್ನು ಗೆದ್ದುಕೊಂಡು ಊರಿಗೆ ಬಂದ. ಬಸ್ಸಿನುದ್ದಕ್ಕೂ ರಾಮವ್ವ ಕಂಬಳಿ ಹೊದ್ದುಕೊಂಡೇ ಕೂತಿದ್ದಳು. ಮುಂದೆ ಕೂತವರು ಎರಡು ಸಲ ತಿರುಗಿ ನೋಡಿದರು.

ತಂಗಿ ಸಿಟ್ಟಿನಲ್ಲಿ ಚೀಲಕ್ಕೇ ತುರುಕಿ ಕಳಿಸಿದ ಬಾಟಲಿಯ ತಳದಲ್ಲಿ ಕೊಂಚ ಉಳಿದಿತ್ತು. ಧೂಳಪ್ಪ ಅದನ್ನು ಮುಟ್ಟಲಿಲ್ಲ. ಸರಿಯಾದ ರವಿವಾರಕ್ಕೆಂದು ಕಾದಿಟ್ಟ. ಆ ರವಿವಾರ ಬಂತು. ಮಡಿವಾಳಪ್ಪನ ಮೋಟಾರು ಮತ್ತೆ ಕೆಟ್ಟಿತು. ಸುಜಾತಾ ಹುರಿದ ಶೇಂಗಾ ತಂದಿಟ್ಟಳು. ರಾಮವ್ವ ಹೊರಸಿನ ಮೇಲೆ ಕಾಲು ಮಡಚಿದಳು. ಧೂಳಪ್ಪ ಕಾರ್ಕಿಗೆ ಕೈ ಹಾಕುವಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತ ಸದ್ದಾಯಿತು.

ಪರಶು. ತಾಳಿಕೋಟಿಯ ಧೂಳೆಲ್ಲ ಮೈಮೇಲಿತ್ತು. ತಲೆ ತಗ್ಗಿಸಿ ಒಳಗೆ ಬಂದು, ಮೂಲೆಯ ಕುರ್ಚಿ ಎಳೆದುಕೊಂಡು, ಗೋಡೆಗೆ ಮುಖ, ಅತ್ತೆಗೆ ಬೆನ್ನು ಮಾಡಿ ಕೂತ.

ರಾಮವ್ವ ಸೆರಗು ಮೂಗಿನ ತನಕ ಎಳೆದುಕೊಂಡಳು.

“ಹಿಂಗ ಕುಂತ್ರ ಮುಂದ ಕುಂತಂಗ ಆಕ್ಕೈತೇನ್ಬೇ?” ಎಂದ ಧೂಳಪ್ಪ, ಬಾಟಲಿಯನ್ನು ಕೊಂಚ ತನ್ನ ಕಡೆ ಸರಿಸಿಕೊಂಡು.

“ನನಗ ಕಾಣತಾರಲ್ಲ, ಆತು. ಅಳ್ಯಾರು ಮನಿಗೆ ಬಂದಾರ. ಮೊದಲ ಅವರಿಗೆ ಹಾಕು. ಅದನ್ನ ಹಾಕು, ಗೋಕರ್ಣದ್ದು.”

“ಯವ್ವಾ, ಅದು ಇರೂದ ಒಂದ...”

“ಅಳ್ಯಾರಿಗೆ ಎರಡನೇದು ಕೊಡ್ತಿಯೇನು?”

ಮೂರು ತಿಂಗಳ ಉಪವಾಸ, ಎರಡು ಬಸ್ಸಿನ ಪ್ರಯಾಣ, ಒಂದು ಊರಿನ ಮುಂದೆ ಹೋದ ಮಾನ, ಎಲ್ಲ ಸೇರಿ ಧೂಳಪ್ಪನ ಕೈಯಿಂದ ಪರಶುವಿನ ಗ್ಲಾಸಿಗೆ ಇಳಿಯಿತು. ಪರಶು ಗೋಡೆಯ ಕಡೆಗೇ ಒಂದು ಗುಟುಕು ಹೀರಿದ. ಕೆಮ್ಮು ಬಂತು, ಕೆಮ್ಮನ್ನೂ ಮರ್ಯಾದೆಯಿಂದ ಒಳಗೇ ಕೆಮ್ಮಿದ.

“ಏನ ವಾಸನಿ ಬಂತು ಅಂತ ಅಳ್ಯಾರಿಗೆ ಕೇಳು” ಎಂದಳು ರಾಮವ್ವ.

“ಏನ ವಾಸನಿ ಬಂತು ಅಂತ ಕೇಳ್ತಾಳ” ಎಂದ ಧೂಳಪ್ಪ, ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು.

“ಅತ್ತಿಯಾರಿಗೆ ಹೇಳ್ರಿ ಮಾವಾರ,” ಎಂದಿತು ಗೋಡೆಯ ಕಡೆಯಿಂದ ಸಣ್ಣ ದನಿ, “ವಾಸನಿ ಏನೂ ಬರವಲ್ದು. ಬರೇ ಹೆದರಿಕಿ ಬರಾಕತ್ತೈತಿ.”

ಸೆರಗಿನೊಳಗೆ ರಾಮವ್ವ ನಕ್ಕಳೋ ಏನೋ, ಹೊರಸು ಸ್ವಲ್ಪ ಕಿರುಗುಟ್ಟಿತು.

“ಮೊದಲನೇ ವಾರ ಎಲ್ಲಾರಿಗೂ ಹಂಗ. ಇನ್ನೊಂದು ಗುಟುಕ ತಗೋರಿ ಅಂತ ಹೇಳು. ಸಾವಕಾಶ.”

ಧೂಳಪ್ಪ ಮೂಸಲಿಕ್ಕಾದರೂ ಕಂಬಳಿ ಎಲ್ಲಿದೆ ಎಂದು ಸುತ್ತ ನೋಡಿದ. ಸುಜಾತಾ ಅದನ್ನು ಮುಂಜಾನೆಯೇ ಒಗೆದು ಹಗ್ಗದ ಮೇಲೆ ಹರವಿದ್ದಳು.